ಬಾರದ ದೂರು

ಫೆಬ್ರವರಿ ೩

ಮ್ಯಾನೇಜರು ಕೊನೆಗೂ ಹೂಂ ಅಂದರು. ಬೇಸಿಗೆ ಮುಗಿಯುವವರೆಗೆ ಗಡುವು. ಅಷ್ಟರವರೆಗೆ ಬಟ್ಟೆಗೆ ಬಣ್ಣ ಹಾಕುವ ಬಣ್ಣದ ಮನೆ ನನ್ನ ಯಂತ್ರ ಶುದ್ಧ ಮಾಡಿ ಕೊಟ್ಟ ನೀರಿನಲ್ಲೇ ನಡೆಯಬೇಕು, ಬಟ್ಟೆಯ ಒಂದು ಲಾಟೂ ಕೆಡಬಾರದು. ನಡೆದರೆ ಕಾರ್ಖಾನೆಯಿಂದ ಕಾಲುವೆಗೆ ಹೋಗುವ ಕೊಳವೆಯ ಬಾಯಿಗೆ ಕಾಂಕ್ರೀಟು ಸುರಿದು ಮುಚ್ಚಿಬಿಡುತ್ತಾರಂತೆ. ನಡೆಯದಿದ್ದರೆ ನನ್ನ ಯಂತ್ರವನ್ನು ಬಿಚ್ಚಿ ಗುಜರಿಗೆ ಹಾಕುತ್ತಾರಂತೆ. ಇಷ್ಟು ದೊಡ್ಡ ಮಾತನ್ನು ಅವರು ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಳ್ಳುತ್ತಾ ಹೇಳಿದರು. ನಾನು ಮಾತ್ರ ಅವರ ಕೋಣೆಯಿಂದ ಹೊರಗೆ ಬರುವಾಗ ಬಾಗಿಲಿಗೆ ಬದಲು ಬೀರುವಿನ ಹಿಡಿಗೆ ಕೈ ಹಾಕಿದೆ.

ಮನೆಗೆ ಬಂದ ಕೂಡಲೇ ಇವರಿಗೆ ಹೇಳಿದೆ. ಬಣ್ಣದ ಮನೆಯ ಮೇಸ್ತ್ರಿ ಇವರೇ. ಹಾಗಾಗಿ ಪರೀಕ್ಷೆ ಬರೆಯುವವಳು ನಾನು, ಅಂಕ ಹಾಕುವವರು ಇವರು. ಹೆಂಡತಿಯೆಂದು ಒಂದೆರಡು ಅಂಕ ಹೆಚ್ಚಿಗೆ ಹಾಕಿಬಿಟ್ಟೀರಿ ಜೋಕೆ ಎಂದು ರೇಗಿಸಿದೆ. ಅಂಕ ಹಾಕುವುದು ಬಟ್ಟೆ, ನಾನಲ್ಲ ಅಂದರು. ಇವರ ಈ ಖಡಕ್ಕುತನವೇ ನನಗೆ ಇಷ್ಟ.

ನಮ್ಮ ಮನೆಯ ಹಿತ್ತಿಲಿಗೆ ತಾಗಿಕೊಂಡೇ ಆ ಕಾಲುವೆ ಹರಿಯುತ್ತದೆ. ಕಾರ್ಖಾನೆಯಲ್ಲಿ ಯಾವತ್ತು ಯಾವ ಬಣ್ಣ ಎಂಬುದು ಬೀದಿಗೆಲ್ಲ ಗೊತ್ತಾಗುವುದು ಅದರಿಂದಲೇ. ನಿಮ್ಮ ಯಜಮಾನರು ಇವತ್ತು ಹಸಿರು ಕಲಸಿದ್ದಾರೆ ಎಂದು ಪಕ್ಕದ ಮನೆಯಾಕೆ ಬೆಳಿಗ್ಗೆ ಎದ್ದವಳೇ ಕೂಗುತ್ತಾಳೆ. ಅವಳಿಗೆ ಅದು ತಮಾಷೆ. ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸುತ್ತದೆ. ಅತ್ತೆಯಂತೂ ಅಡುಗೆಮನೆಯ ಹಿಂದಿನ ಕಿಟಕಿ ತೆರೆಯುವುದನ್ನೇ ಬಿಟ್ಟು ಹಗಲಲ್ಲೂ ದೀಪ ಹಾಕಿಕೊಂಡು ಅಡುಗೆ ಮಾಡುತ್ತಾರೆ.

ಫೆಬ್ರವರಿ ೧೪

ಇವತ್ತು ಮೊದಲ ಸಲ ನನ್ನ ನೀರು ಬಣ್ಣದ ಮನೆಗೆ ಹೋಯಿತು.

ಬೆಳಿಗ್ಗೆ ಅತ್ತೆ, ಅದೇನು ಮಾಡುತ್ತೀಯೋ ಒಂದು ಸಲ ಸರಿಯಾಗಿ ಹೇಳಬಾರದೇ ಎಂದು ಕೇಳಿದ್ದರು. ಬಟ್ಟೆಗೆ ಹತ್ತದೆ ಉಳಿದ ಬಣ್ಣ, ಉಪ್ಪು, ಸೋಪು ಎಲ್ಲ ಕಲೆತ ನೀರು ನನ್ನ ಹತ್ತಿರ ಬರುತ್ತದೆ. ಮೊದಲು ಗಸಿ ಇಳಿಸುತ್ತೇವೆ. ಆಮೇಲೆ ತೊಟ್ಟಿಯಲ್ಲಿ ಸಾಕಿರುವ ಸೂಕ್ಷ್ಮಜೀವಿಗಳು ತಿನ್ನುವಷ್ಟು ಕೊಳೆ ತಿನ್ನುತ್ತವೆ. ಕೊನೆಗೆ ಉಳಿದದ್ದನ್ನು ಜೋರಾಗಿ ಒತ್ತಿ ಪೊರೆಗಳ ಮೂಲಕ ಹಾಯಿಸುತ್ತೇವೆ. ಕಾಗದಕ್ಕಿಂತ ತೆಳ್ಳನೆಯ ಪೊರೆ, ಚಾಪೆಯ ಹಾಗೆ ಸುತ್ತಿ ಉದ್ದನೆಯ ಕೊಳವೆಗಳಲ್ಲಿ ಒಂದರ ಹಿಂದೆ ಒಂದು ಕೂರಿಸಿರುತ್ತದೆ. ನೀರು ದಾಟುತ್ತದೆ, ಉಪ್ಪೂ ಬಣ್ಣವೂ ದಾಟುವುದಿಲ್ಲ. ಉಳಿದ ಗಟ್ಟಿ ರಸವನ್ನು ಕಾಯಿಸಿ ಆವಿ ಮಾಡಿ ಒಣಗಿಸುತ್ತೇವೆ. ಇಷ್ಟನ್ನೂ ಅತ್ತೆ ಗಮನವಿಟ್ಟು ಕೇಳಿ, "ಜರಡಿ ಹಿಡಿಯೋದಕ್ಕಾ ನೀನು ಅಷ್ಟು ಓದಿದ್ದು?" ಅಂದರು.

ಸಂಜೆ ಇವರು ಜೇಬಿನಿಂದ ಅಂಗೈಯಗಲದ ತುಂಡು ಬಟ್ಟೆ ತೆಗೆದು ಕೈಯಲ್ಲಿಟ್ಟರು. ನೀಲಿ. ಕಿಟಕಿಯ ಬೆಳಕಿಗೆ ಹಿಡಿದು ಎಲ್ಲ ಬದಿ ತಿರುಗಿಸಿ ನೋಡಿದೆ. ಒಂದೇ ಸಮ. "ನಿನ್ನ ನೀರಿನದ್ದು" ಅಂದರು, ಅಷ್ಟೇ. ಮುಖ ತೊಳೆಯಲು ಹೋಗುವ ನೆಪ ಮಾಡಿ ಬಚ್ಚಲಲ್ಲಿ ಸ್ವಲ್ಪ ಹೊತ್ತು ಕಣ್ಣೀರು ಹಾಕಿದೆ. ಈ ತುಂಡನ್ನು ಇದೇ ಪುಟಕ್ಕೆ ಪಿನ್ನು ಹಾಕಿ ಸಿಕ್ಕಿಸಿದ್ದೇನೆ.

ಮಾರ್ಚ್ ೫

ನೀಲಿಯ ನಂತರ ಹಳದಿ, ಆಮೇಲೆ ತಿಳಿ ಹಸಿರು. ಇವತ್ತು ಕಪ್ಪು. ಈ ವಾರ ಕಡುಗೆಂಪು ಎಂದಿದ್ದರಲ್ಲ ಎಂದು ಕೇಳಿದೆ. ಗಿರಾಕಿ ಮನಸ್ಸು ಬದಲಾಯಿಸಿದನಂತೆ. ಕಪ್ಪೂ ಚೆನ್ನಾಗಿ ಬಂದಿದೆ, ಹೊಳೆಯುತ್ತಿದೆ. ಇವರು ಯಾಕೋ ಊಟ ಅರ್ಧಕ್ಕೇ ಬಿಟ್ಟರು. ಬಣ್ಣದ ಹಬೆಯಲ್ಲಿ ದಿನವಿಡೀ ನಿಂತವರಿಗೆ ಹಸಿವು ಎಲ್ಲಿಂದ ಬರಬೇಕು.

ಮಾರ್ಚ್ ೧೨

ನನ್ನ ನೀರಿನಲ್ಲಿ ಉಪ್ಪಿನ ಅಳತೆಯ ಮುಳ್ಳು ಕೂದಲೆಳೆಯಷ್ಟು ಮೇಲಕ್ಕೆ ಹೋಗಿದೆ. ಬಹಳ ಏನಲ್ಲ. ಪೊರೆ ಹೊಸತಲ್ಲ, ಮುಳ್ಳೂ ಹಳೆಯದು. ಆದರೂ ಮನಸ್ಸಿಗೆ ಕಿರಿಕಿರಿ. ಬಟ್ಟೆಗೆ ಬಣ್ಣ ಹತ್ತಿಸುವ ಮೊದಲೇ ನೀರಿನಲ್ಲಿ ಉಪ್ಪಿದ್ದರೆ ಬಣ್ಣ ಗಡಿಬಿಡಿಯಿಂದ ನೂಲಿಗೆ ಅಂಟಿಕೊಂಡು ಮಚ್ಚೆ ಬೀಳುತ್ತದೆ.

ಚಹಾ ಕುಡಿಯುವಾಗ ಇವರನ್ನು ಕೇಳಿದೆ, ಏನಾದರೂ ವ್ಯತ್ಯಾಸ ಕಾಣುತ್ತಿದೆಯೇ, ಒಂದು ಚೂರು ಅನುಮಾನವಿದ್ದರೂ ಹೇಳಿ, ಯಂತ್ರ ನಿಲ್ಲಿಸಿ ಬಿಚ್ಚಿ ನೋಡುತ್ತೇನೆ ಎಂದು. "ಏನೂ ಇಲ್ಲ. ನೀನು ಸುಮ್ನೆ ತಲೆ ಕೆಡಿಸ್ಕೋಬೇಡ" ಅಂದರು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಬಣ್ಣದ ಮನೆಯಿಂದ ದೂರು ಬಂದಿಲ್ಲ ಎಂದಮೇಲೆ ನೀರು ಸರಿಯಾಗಿಯೇ ಇದೆ. ಮುಳ್ಳಿಗಿಂತ ಮೇಸ್ತ್ರಿಯ ಕಣ್ಣು ದೊಡ್ಡದು.

ಮಾರ್ಚ್ ೧೮

ಅತ್ತೆ ಕಿಟಕಿ ತೆರೆದಿದ್ದಾರೆ!

ನಾನು ಕೆಲಸದಿಂದ ಬಂದಾಗ ಅಡುಗೆಮನೆಯಲ್ಲಿ ದೀಪವಿರಲಿಲ್ಲ, ಹಿತ್ತಿಲ ಬೆಳಕೇ ಒಳಗೆ ಬಿದ್ದಿತ್ತು. ಕಾಲುವೆ ತಿಳಿಯಾಗಿದೆ, ತಳದ ಕಲ್ಲು ಕಾಣುತ್ತಿದೆ, ತುಂಬಿಕೊಂಡು ಹರಿಯುತ್ತಿದೆ ಎಂದು ತಾವೇ ಸ್ವಚ್ಛ ಮಾಡಿದವರ ಹಾಗೆ ಹೇಳಿದರು. ಪಕ್ಕದ ಮನೆಯಾಕೆಯೂ ಬಂದು ನೋಡಿ, ಇನ್ನು ಬೆಳಿಗ್ಗೆ ನಾನು ಏನೆಂದು ಕೂಗಲಿ ಅಂದಳು. ನಾನೂ ಕಿಟಕಿಯ ಸರಳು ಹಿಡಿದು ನಿಂತೆ. ಬಾಯ್ಲರ್ ಮನೆಯ ನೀರು ಈಗಲೂ ಕೊಳವೆಗೇ ಹೋಗುತ್ತದೆ, ಅದು ಯಾವಾಗಲೂ ತಿಳಿಯೇ. ಬಣ್ಣದ ನೀರು ನಿಂತದ್ದರಿಂದ ಕಾಲುವೆಗೆ ಜೀವ ಬಂದಿದೆ. ಇಂಥದೊಂದು ಸಂಜೆ ನನ್ನ ಕಣ್ಣಿಗೆ ಬೀಳುತ್ತದೆ ಎಂದುಕೊಂಡಿರಲಿಲ್ಲ.

ಇವರು ಕಿಟಕಿಯ ಹತ್ತಿರ ಬರಲೇ ಇಲ್ಲ. ಎಷ್ಟು ಕರೆದರೂ, ಕಾಲು ನೋಯುತ್ತಿದೆ ಅಂದರು.

ಮಾರ್ಚ್ ೨೭

ಪೊರೆಗಳು ಕಟ್ಟಿಕೊಂಡವು. ಒಮ್ಮೆ ಹುಳಿ ಮದ್ದು, ಒಮ್ಮೆ ಕ್ಷಾರ ಹಾಯಿಸಿ ದಿನವಿಡೀ ತೊಳೆದೆವು. ಬೆರಳ ತುದಿಗಳು ಸುಕ್ಕುಗಟ್ಟಿವೆ. ಮನೆಗೆ ಬರುವಷ್ಟರಲ್ಲಿ ಇವರು ಅಡುಗೆ ಮಾಡಿ ಬಡಿಸಿಟ್ಟಿದ್ದರು, ಪಾತ್ರೆಯನ್ನೂ ತೊಳೆದರು. ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದರು, ಮಗ ಲೋಟ ತೊಳೆದದ್ದನ್ನೂ ಅವರು ನೋಡಿರಲಿಲ್ಲವಂತೆ. "ಇಷ್ಟೆಲ್ಲ ಯಾಕೆ ಒದ್ದಾಡ್ತೀಯ?" ಎಂದು ಇವರು ಕೇಳಿದ್ದು ಎಷ್ಟು ಮೆತ್ತಗಿತ್ತೆಂದರೆ, ಒದ್ದಾಡಿದ್ದು ಸಾರ್ಥಕ ಅನಿಸಿತು.

ಏಪ್ರಿಲ್ ೧೦

ಮ್ಯಾನೇಜರು ಕರೆದು ಕುರ್ಚಿ ತೋರಿಸಿದರು. ಇಷ್ಟು ವರ್ಷಗಳಲ್ಲಿ ನನಗೆ ಕುರ್ಚಿ ತೋರಿಸಿದ್ದು ಇದೇ ಮೊದಲು. ನನ್ನ ಯಂತ್ರದ ಬಾಯಲ್ಲಿರುವ ಮೀಟರು ಪ್ರಕಾರ ದಿನದಿನವೂ ಬೇಕಾದಷ್ಟು ನೀರು ಹೋಗಿದೆ, ಒಂದು ಲಾಟೂ ತಿರುಗಿ ಬಂದಿಲ್ಲ, ಬಣ್ಣದ ಮನೆಯಿಂದ ಒಂದು ದೂರೂ ಇಲ್ಲ. ಗಡುವಿನವರೆಗೆ ಕಾಯುವುದು ಬೇಡ, ಮುಂದಿನ ತಿಂಗಳೇ ಕೊಳವೆ ಮುಚ್ಚಿಸೋಣ, ಬಣ್ಣದ ಮನೆಗೆ ಮೊದಲು ನೀರು ಕೊಡುತ್ತಿದ್ದ ಬೋರ್‌ವೆಲ್ಲಿನ ಪಂಪನ್ನೂ ಕಿತ್ತುಬಿಡೋಣ ಅಂದರು. ಅದಕ್ಕೆ ಮೊದಲು ಹೊರಗಿನಿಂದ ಕೆಲವು ದೊಡ್ಡ ಗಿರಾಕಿಗಳು ನೋಡಲು ಬರುತ್ತಾರಂತೆ, ನಾನೇ ಸುತ್ತಾಡಿಸಿ ತೋರಿಸಬೇಕಂತೆ.

ಓಡಿ ಹೋಗಿ ಬಣ್ಣದ ಮನೆಯ ಬಾಗಿಲಲ್ಲಿ ಇವರಿಗೆ ಹೇಳಿದೆ. ಪಂಪನ್ನು ಕೀಳುತ್ತಾರಾ, ಯಾವಾಗ, ಎಂದು ಅದೊಂದನ್ನೇ ಎರಡು ಸಲ ಕೇಳಿದರು. ಸಂತೋಷವಾದಾಗ ಇವರಿಗೆ ಮಾತು ಬರುವುದಿಲ್ಲ.

ಏಪ್ರಿಲ್ ೧೯

ಗಿರಾಕಿಗಳಿಗೆ ತೋರಿಸಲು ಬಟ್ಟೆಯ ತುಂಡುಗಳು ಬೇಕಿದ್ದವು. ಕೇಳೋಣವೆಂದು ಬಣ್ಣದ ಮನೆಗೆ ಹೋದೆ. ಇವರು ಒಳಗೆ ಇರಲಿಲ್ಲ. ಬಕೆಟಿನ ಬಣ್ಣ ಕೈಗೆ ತಗುಲಿತು. ಬಣ್ಣದ ಕಡಾಯಿಗೆ ನೀರು ಬಿಡುವ ನಲ್ಲಿ ತಿರುಗಿಸಿ ಅದರ ಕೆಳಗೆ ಕೈ ಹಿಡಿದೆ.

ನೀರು ತಣ್ಣಗಿತ್ತು.

ನನ್ನ ನೀರು ತಣ್ಣಗಿರುವುದಿಲ್ಲ. ಕುದಿಯುವ ಕಡಾಯಿಗಳಿಂದ ಬಂದ ನೀರು, ಎಷ್ಟು ತೊಟ್ಟಿ ಸುತ್ತಿದರೂ ಮಗುವಿನ ಸ್ನಾನದ ನೀರಿನಷ್ಟು ಬಿಸಿ ಉಳಿದೇ ಇರುತ್ತದೆ. ಅದರಲ್ಲೂ ಈ ಬಿಸಿಲಿನಲ್ಲಿ. ಇದು ನೆಲದಾಳದಿಂದ ಬಂದ ನೀರಿನ ಹಾಗೆ ಮೂಳೆಗೆ ತಾಗುವ ತಂಪು.

ತೊಟ್ಟಿ ನೆರಳಿನಲ್ಲಿದೆ, ಕೊಳವೆ ನೆಲದಡಿ ಹಾದು ಬರುತ್ತದೆ, ಆರಿರಬಹುದು. ಹೌದು, ಆರಿರಬಹುದು. ತುಂಡುಗಳನ್ನು ತೆಗೆದುಕೊಳ್ಳದೆ ಬಂದುಬಿಟ್ಟೆ. ಇವರನ್ನು ಏನೂ ಕೇಳಲಿಲ್ಲ. ಕೇಳುವುದಕ್ಕೇನಿದೆ ಇದರಲ್ಲಿ.

ಏಪ್ರಿಲ್ ೨೦

ಅದೇ ನಲ್ಲಿಯಿಂದ ಬಾಟಲಿ ತುಂಬಿಸಿಕೊಂಡು ಬಂದೆ. ಪಕ್ಕದಲ್ಲಿ ನನ್ನ ನೀರಿನ ಬಾಟಲಿ ಇಟ್ಟೆ. ಎರಡಕ್ಕೂ ಒಂದೊಂದು ಹನಿ ಮದ್ದು. ಬಾವಿಯ ಗಡಸು ನೀರಾದರೆ ಕೆಂಪು, ಮೆದು ನೀರಾದರೆ ನೀಲಿ. ನನ್ನದು ನೀಲಿಯಾಯಿತು. ಬಣ್ಣದ ಮನೆಯದು ಕೆಂಪಗೇ ಉಳಿಯಿತು. ಮದ್ದು ಹಳೆಯದಾಗಿರಬಹುದೆಂದು ಹೊಸ ಸೀಸೆ ಒಡೆದೆ. ಅದೂ ಅದನ್ನೇ ಹೇಳಿತು.

ಪಂಪ್ ಹೌಸಿಗೆ ಹೋದೆ. ಅಲ್ಲಿರುವವರನ್ನು ಎಲ್ಲರೂ ಪಂಪಿನ ಮಾವ ಅನ್ನುತ್ತೇವೆ. ಬಣ್ಣದ ಮನೆಗೆ ಯಾವ ನೀರು ಹೋಗುತ್ತಿದೆ ಎಂದು ಕೇಳಿದೆ. ಇದೆಂಥ ಪ್ರಶ್ನೆ ಎಂಬಂತೆ ನೋಡಿ, ಬೋರಿನದು ಅಂದರು. ಯಾವಾಗಿನಿಂದ? ಮಾರ್ಚ್ ಶುರುವಾದಾಗಿನಿಂದ. ಯಾರು ಹೇಳಿದ್ದು?

"ಮೇಸ್ತ್ರಿ ಹೇಳಿದ್ರಲ್ಲಮ್ಮ. ನಿಮಗೆ ಗೊತ್ತಿದೆ ಅಂದ್ಕೊಂಡೆ. ಗಂಡ ಹೆಂಡ್ತಿ ಮಾತಾಡ್ಕೊಂಡಿರ್ತೀರಿ, ನಾನ್ಯಾಕೆ ಮಧ್ಯ ಅಂತ ಸುಮ್ನಿದ್ದೆ."

ಹಾಗಾದರೆ ನನ್ನ ನೀರು? ಅವರು ಬಾಯ್ಲರ್ ಮನೆಯ ಹಿಂದಕ್ಕೆ ಕೈ ತೋರಿಸಿದರು. ನನ್ನ ತೊಟ್ಟಿಯಿಂದ ಬಣ್ಣದ ಮನೆಗೆ ಹೋಗುವ ವಾಲ್ವು ಮುಚ್ಚಿತ್ತು. ತೊಟ್ಟಿ ತುಂಬಿ ತುಳುಕಿ ಹಳೆಯ ಮೋರಿಗೆ ಬೀಳುತ್ತಿತ್ತು. ಅಲ್ಲಿಂದ ಕೊಳವೆಗೆ, ಕೊಳವೆಯಿಂದ ಕಾಲುವೆಗೆ. ಅತ್ತೆ ಕಿಟಕಿ ತೆರೆದು ನೋಡುತ್ತಿರುವುದು ನನ್ನ ನೀರನ್ನೇ. ಇಡೀ ಪಾಳಿ ನಿಂತು, ಕೈ ಸುಟ್ಟುಕೊಂಡು, ಒಂದೊಂದು ಹನಿಯನ್ನೂ ಹಿಂಡಿ ತೆಗೆದದ್ದನ್ನು ಮೋರಿಗೆ ಬಿಟ್ಟಿದ್ದಾರೆ. ನಾನು ಕೊಟ್ಟದ್ದನ್ನು ಅಳೆಯಲು ಮೀಟರಿತ್ತು. ಬಣ್ಣದ ಮನೆ ತೆಗೆದುಕೊಂಡದ್ದನ್ನು ಅಳೆಯಲು ಏನೂ ಇರಲಿಲ್ಲ.

ಸಂಜೆ ಅತ್ತೆ ಪಕ್ಕದ ಮನೆಗೆ ಹೋದ ಹೊತ್ತು ನೋಡಿ ಎರಡು ಬಾಟಲಿಗಳನ್ನೂ ಮೇಜಿನ ಮೇಲೆ ಇಟ್ಟೆ. ಕೆಲಸದಿಂದ ಬಂದ ಅವರು ನೋಡಿದ ಕೂಡಲೇ ಕುರ್ಚಿಯಲ್ಲಿ ಕೂತರು. ಸುಳ್ಳು ಹೇಳಲಿಲ್ಲ, ಅಷ್ಟಾದರೂ ಆಯಿತು. ಮಾರ್ಚಿನಲ್ಲಿ ಕಡುಗೆಂಪು ಲಾಟು ಮಚ್ಚೆ ಮಚ್ಚೆ ಬಂತಂತೆ. ಅದರ ಮೇಲೆ ಕಪ್ಪು ಹಾಕಿ ಮುಚ್ಚಿದರಂತೆ. ಅದೇ ದಿನ ವಾಲ್ವು ತಿರುಗಿಸಿದರಂತೆ. ಬೋರಿನ ನೀರು ಅವರಿಗೆ ಅಂಗೈಯಷ್ಟು ಪರಿಚಯ, ಯಾವ ಮದ್ದು ಎಷ್ಟು ಹಾಕಬೇಕು ಗೊತ್ತು.

"ನನಗೆ ಯಾಕೆ ಹೇಳಲಿಲ್ಲ?"

"ನಿನ್ನ ಮುಖ ನೋಡಿ ಹೇಳೋಕಾಗಲಿಲ್ಲ. ಅಷ್ಟು ಖುಷಿಯಾಗಿದ್ದೆ ನೀನು. ಒಳ್ಳೆ ಸಮಯ ನೋಡಿ ಹೇಳೋಣ ಅಂತಿದ್ದೆ."

"ನಾನೇ ಕೇಳಿದೆನಲ್ಲ. ಚಹಾ ಕುಡೀತಾ ಕೇಳಿದೆನಲ್ಲ. ಒಂದು ಮಾತು ಹೇಳಿದ್ದಿದ್ರೆ ಬಿಚ್ಚಿ ನೋಡ್ತಿದ್ದೆ."

ಅವರು ಬಾಟಲಿಯ ಮುಚ್ಚಳ ಬಿಗಿ ಮಾಡುತ್ತಾ ಕೂತರು. ನನ್ನ ಒಳ್ಳೆಯದಕ್ಕೇ ಮಾಡಿದ್ದು ಎಂದು ಆಮೇಲೆ ಯಾವಾಗಲೋ ಹೇಳಿದರು. ನನಗೆ ಬೇಕಾಗಿದ್ದದ್ದು ಒಂದೇ ಒಂದು ದೂರು. ಗದರಿಕೊಂಡು, ಎಲ್ಲರೆದುರು ಬೈದು ಹೇಳಿದ್ದರೂ ಆಗುತ್ತಿತ್ತು. ಅದರ ಬದಲು ನನ್ನ ಕೈಗೆ ತುಂಡು ಬಟ್ಟೆ ಕೊಟ್ಟು ಕೂರಿಸಿದರು, ಅಳುವ ಮಗುವಿಗೆ ಗಿಲಕಿ ಕೊಟ್ಟ ಹಾಗೆ. ಇಲ್ಲಿ ಸಿಕ್ಕಿಸಿಟ್ಟಿದ್ದ ತುಂಡುಗಳಲ್ಲಿ ಕಪ್ಪಿನಿಂದ ಈಚೆಗಿನವನ್ನೆಲ್ಲ ಕಿತ್ತೆ. ಪಿನ್ನು ಚುಚ್ಚಿದ ತೂತುಗಳು ಪುಟದಲ್ಲಿ ಉಳಿದಿವೆ.

ಏಪ್ರಿಲ್ ೨೧

ಅಡುಗೆ ಸೀದಿತು. ಸೀದದ್ದನ್ನೇ ಮೂವರೂ ಉಂಡೆವು.

ಏಪ್ರಿಲ್ ೨೪

ದೋಷ ಸಿಕ್ಕಿತು.

ಮೊದಲು ಒಂದೊಂದು ಕೊಳವೆಯ ನೀರನ್ನೂ ಬೇರೆ ಬೇರೆ ಹಿಡಿದು ಅಳೆದೆ. ಒಂದರಲ್ಲಿ ಮಾತ್ರ ಉಪ್ಪು ಜಾಸ್ತಿ. ಅದರೊಳಗೆ ತೆಳ್ಳನೆಯ ನಳಿಕೆ ತೂರಿಸಿ ಮೊಳಮೊಳಕ್ಕೆ ನೀರು ಎಳೆದು ನೋಡುತ್ತಾ ಹೋದೆ. ಸಿಹಿ, ಸಿಹಿ, ಸಿಹಿ, ಎರಡು ಪೊರೆಸುರುಳಿಗಳ ಸಂದಿಗೆ ಬಂದ ಕೂಡಲೇ ಉಪ್ಪು. ಬಿಚ್ಚಿದರೆ, ಆ ಸಂದಿಯ ರಬ್ಬರ್ ಉಂಗುರ ಕೂರಿಸುವಾಗಲೇ ಮಡಚಿಕೊಂಡು ಬರಬರುತ್ತಾ ಸೀಳಿದೆ. ಆ ಸೀಳಿನಿಂದ ಕೊಳೆನೀರು ಸಣ್ಣಗೆ ಒಳ್ಳೆಯ ನೀರಿಗೆ ಸೇರುತ್ತಿತ್ತು. ಬೇರೆ ಕೊಳವೆಗಳ ನೀರಿನಲ್ಲಿ ಬೆರೆತು ಮುಳ್ಳಿಗೆ ಸರಿಯಾಗಿ ಗೊತ್ತಾಗಲಿಲ್ಲ, ಬಟ್ಟೆಗೆ ಗೊತ್ತಾಯಿತು. ಬಟ್ಟೆ ಹೇಳಿದ್ದನ್ನು ಮೇಸ್ತ್ರಿ ನುಂಗಿಕೊಂಡರು.

ಹೊಸ ಉಂಗುರಕ್ಕೆ ಗ್ರೀಸು ಸವರಿ ಕೂರಿಸಿದೆ. ಊಟದ ಹೊತ್ತಿಗೆ ಮೊದಲೇ ಕೆಲಸ ಮುಗಿದಿತ್ತು. ಹಳೆಯ ಉಂಗುರವನ್ನು ಬೆರಳಿಗೆ ಸಿಕ್ಕಿಸಿಕೊಂಡು ಯಂತ್ರದ ಪಕ್ಕ ಸುಮ್ಮನೆ ಕೂತೆ. ಇಷ್ಟಕ್ಕೆ.

ಮೇಸ್ತ್ರಿಗೆ ಹೇಳಲಿಲ್ಲ. ಹೇಳಬೇಕೆಂದೂ ಅನಿಸಲಿಲ್ಲ. ಕಡಾಯಿಗಳಿಗೆ ಈಗಲೂ ಬೋರಿನ ನೀರೇ ಹೋಗುತ್ತಿದೆ.

ಏಪ್ರಿಲ್ ೨೭

ಗಿರಾಕಿಗಳು ಬಂದರು. ನಾನೇ ಸುತ್ತಾಡಿಸಿದೆ. ಕೊಳೆ ನೀರಿನ ತೊಟ್ಟಿ, ಪೊರೆಗಳು, ಗಾಜಿನ ಲೋಟದಲ್ಲಿ ನನ್ನ ನೀರು. ಈ ನೀರಿನಲ್ಲೇ ಬಣ್ಣ ಹಾಕುತ್ತೀರಾ ಎಂದು ಅವರಲ್ಲೊಬ್ಬಾಕೆ ಕೇಳಿದಳು. ಮ್ಯಾನೇಜರು ನನ್ನನ್ನು ನೋಡಿದರು. ನಾನು ನಕ್ಕು, ಹೌದು, ಅದಕ್ಕೇ ಮಾಡಿದ್ದು ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಬಣ್ಣದ ಮನೆಯ ಬಾಗಿಲಲ್ಲಿ ಮೇಸ್ತ್ರಿಯೂ ತಟ್ಟುತ್ತಿದ್ದರು. ಆ ಕೈಗಳನ್ನು ನೋಡಿ ಮೈ ಉರಿಯಿತು.

ಮ್ಯಾನೇಜರಿಗೆ ಎಲ್ಲ ಹೇಳಿಬಿಡಬೇಕು ಎಂದುಕೊಂಡೇ ಹೋಗಿದ್ದೆ. ಆದರೆ ಅವರು ಅಷ್ಟು ಉಬ್ಬಿಹೋಗಿದ್ದರು, ಗಿರಾಕಿಗಳು ಬೇರೆ ಎದುರಿಗಿದ್ದರು. ಈ ಗಲಾಟೆಯೆಲ್ಲ ಮುಗಿಯಲಿ, ಒಳ್ಳೆಯ ಸಮಯ ನೋಡಿ ಹೇಳುತ್ತೇನೆ.

ಏಪ್ರಿಲ್ ೩೦

ಮನೆಯಲ್ಲಿ ಮೂವರ ನಡುವೆ ಮಾತು ಅತ್ತೆಯ ಮೂಲಕ ನಡೆಯುತ್ತಿದೆ. ಟವೆಲ್ಲು ಹಗ್ಗದ ಮೇಲಿದೆ ಎಂದು ಅವರಿಗೆ ಹೇಳಿ ಎಂದು ನಾನು, ಸಿಕ್ಕಿತು ಎಂದು ಅವಳಿಗೆ ಹೇಳು ಎಂದು ಮೇಸ್ತ್ರಿ. ಇವತ್ತು ಅತ್ತೆಗೆ ಸಾಕಾಗಿ, ನಾನೇನು ಟೆಲಿಫೋನು ಕಂಬವೇ, ಏನಾಗಿದೆ ಹೇಳು ಎಂದು ನನ್ನನ್ನು ಹಿಡಿದು ಕೂರಿಸಿದರು. ಹೇಳಿದೆ. ಮಗನ ಪರ ವಹಿಸುತ್ತಾರೆ ಎಂದುಕೊಂಡಿದ್ದೆ.

"ಚಿಕ್ಕವನಿದ್ದಾಗ್ಲೂ ಹಾಗೇ. ಪಾತ್ರೆ ಒಡೆದ್ರೆ ಚೂರನ್ನೆಲ್ಲ ಹಾಸಿಗೆ ಕೆಳಗೆ ಇಡೋನು. ನನಗೆ ಬೇಜಾರಾಗುತ್ತೆ ಅಂತ. ಆಮೇಲೆ ಕಾಲಿಗೆ ಚುಚ್ಚಿಸ್ಕೊಳ್ಳೋಳು ನಾನೇ" ಅಂದರು.

ಅಷ್ಟು ಗೊತ್ತಿದ್ದರೆ ಮದುವೆಗೆ ಮೊದಲೇ ಹೇಳಬಾರದಿತ್ತೇ ಎಂದು ಕೇಳಿದೆ. ಹೇಳಿದ್ದರೆ ನೀನು ಬರುತ್ತಿದ್ದೆಯಾ ಅಂದರು. ನಗು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು. ಎದ್ದು ಹೋಗುವಾಗ ಅತ್ತೆ, ಮುಂದಿನ ವಾರ ಪಂಪು ಕೀಳುತ್ತಾರಂತಲ್ಲ, ಆಗೇನು ಮಾಡುತ್ತೀರಿ ಎಂದು ಕೇಳಿದರು. 

ಮೇ ೩

ಇವತ್ತು ಮ್ಯಾನೇಜರಿಗೆ ಹೇಳಿದೆ. ಕೂರದೆ, ನಿಂತೇ ಹೇಳಿದೆ. ಈ ಎರಡು ತಿಂಗಳ ಲಾಟುಗಳು ನನ್ನ ನೀರಿನವಲ್ಲ, ಬೋರಿನವು. ದೋಷವಿತ್ತು, ಈಗ ಸರಿಯಾಗಿದೆ. ಪರೀಕ್ಷೆ ಮೊದಲಿನಿಂದ ಮಾಡಿ ಎಂದೆ.

ಮ್ಯಾನೇಜರು ಪೆನ್ನನ್ನು ಮೇಜಿನ ಮೇಲಿಟ್ಟರು. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತಲ್ಲ, ಯಾಕೆ ಕೆದಕಿದಿರಿ ಎಂದರು. ಆಮೇಲೆ ಮೇಸ್ತ್ರಿಯನ್ನು ಕರೆಸಿದರು. ವಾಲ್ವು ತಿರುಗಿಸಿದ್ದು ನೀವೇನಾ ಎಂದಾಗ ಮೇಸ್ತ್ರಿ ಹೌದು ಅಂದರು, ಅಡ್ಡಿಯಿಲ್ಲ. ಮುಂದಿನ ಪ್ರಶ್ನೆ ಬಂತು.

"ಇವರಿಗೆ ಗೊತ್ತಿತ್ತಾ?"

ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಮೇಸ್ತ್ರಿ ನೆಲ ನೋಡುತ್ತಾ ನಿಂತರು. ನಾನು ಕಾದೆ. ಮ್ಯಾನೇಜರೂ ಕಾದರು.  ಕೊನೆಗೆ ನಾನೇ ಅಂದೆ, ನನಗೆ ಗೊತ್ತಿರಲಿಲ್ಲ.

"ಒಂದೇ ಮನೆಯಲ್ಲಿದ್ದೂ?" ಎಂದು ಮ್ಯಾನೇಜರು ಮುಗುಳ್ನಕ್ಕರು.

ಆ ನಗೆ ನನ್ನ ಮೈಗೆ ಅಂಟಿಕೊಂಡಿದೆ, ತೊಳೆದರೂ ಹೋಗುತ್ತಿಲ್ಲ. ಹೆಂಡತಿಗೆ ಬೇಸರವಾಗುತ್ತದೆಂದು ಎರಡು ತಿಂಗಳು ನಾಟಕವಾಡಲು ಧೈರ್ಯವಿತ್ತು. ಅವಳ ಹೆಸರು ಉಳಿಸಲು ಒಂದು ಮಾತು ಆಡಲು ಇರಲಿಲ್ಲ. ವಾಲ್ವು ತಿರುಗಿಸಿದ್ದಕ್ಕಿಂತ ಇದು ದೊಡ್ಡದು. ಹೊರಗೆ ಬಂದಮೇಲೆ, ಬಾಯಿ ಒಣಗಿಹೋಗಿತ್ತು ಕಣೇ ಎಂದು ಹಿಂದೆ ಹಿಂದೆಯೇ ಬಂದರು. ನಾನು ತಿರುಗಿ ನೋಡದೆ ನಡೆದೆ.

ತೀರ್ಮಾನ ಇಷ್ಟು. ಮುಂದಿನ ಲಾಟು ತೆಳು ಬೂದು, ಗಿರಾಕಿಗಳು ಒಪ್ಪಿಕೊಂಡು ಹೋದದ್ದು. ಬಣ್ಣಗಳಲ್ಲಿ ಅತಿ ಕಷ್ಟದ್ದು. ಕಡು ಬಣ್ಣದಲ್ಲಿ ಮುಚ್ಚಿಹೋಗುವ ಮಚ್ಚೆಯೂ ತೆಳು ಬೂದಿನಲ್ಲಿ ಎದ್ದು ಕಾಣುತ್ತದೆ. ಬೋರಿನ ವಾಲ್ವಿಗೆ ಬೀಗ, ಕೀಲಿ ಮ್ಯಾನೇಜರ ಹತ್ತಿರ. ಬಣ್ಣ ಹಾಕುವವರು ಮೇಸ್ತ್ರಿ. ಕೆಟ್ಟರೆ ಯಂತ್ರ ಗುಜರಿಗೆ, ಕೊಳವೆ ಇದ್ದ ಹಾಗೇ, ಮೇಸ್ತ್ರಿಯ ಕೆಲಸವೂ ನನ್ನದೂ ಹೋಗುತ್ತದೆ.

ಮೇ ೬

ಉಪ್ಪಿನ ಮುಳ್ಳು ಇಳಿದಿದೆ. ಒಂದೊಂದು ಕೊಳವೆಯನ್ನೂ ಮತ್ತೆ ಅಳೆದೆ, ಎಲ್ಲ ಸರಿಯಿದೆ. ಸರಿಯಿದೆಯೇ ಎಂದು ಯಾರನ್ನೂ ಕೇಳಲಿಲ್ಲ.

ಮೇ ೮

ಬೆಳಿಗ್ಗೆ ಬಣ್ಣದ ಮನೆಗೆ ಹೋಗಿ ಗೋಡೆಗೆ ಒರಗಿ ನಿಂತೆ. ಮ್ಯಾನೇಜರು ಬಂದಿದ್ದರು, ಪಂಪಿನ ಮಾವನೂ ಬಾಗಿಲಲ್ಲಿದ್ದರು. ಮೇಸ್ತ್ರಿ ನಲ್ಲಿ ತಿರುಗಿಸಿ ಅಂಗೈ ಹಿಡಿದು ನೋಡಿದರು. ಬೆಚ್ಚಗಿದೆ ಎಂಬುದು ಅವರ ಮುಖದಿಂದಲೇ ತಿಳಿಯಿತು. ಒಂದು ಗಳಿಗೆ ನನ್ನ ಕಡೆ ನೋಡಿದರು.  ಸಾಯಲು ಹೊರಟವರ ಹಾಗೆ ಬಟ್ಟೆಯನ್ನು ಕಡಾಯಿಗೆ ಇಳಿಸಿದರು.

ಮಧ್ಯಾಹ್ನ ಬಟ್ಟೆ ಹೊರಗೆ ಬಂತು. ಹಿಂಡಿ, ಒಣಗಿಸಿ, ಕಿಟಕಿಯ ಬಳಿಯ ಉದ್ದ ಮೇಜಿನ ಮೇಲೆ ಹಾಸಿದರು. ಮ್ಯಾನೇಜರು ಕನ್ನಡಕ ಏರಿಸಿ, ಇಳಿಸಿ, ಬಗ್ಗಿ ನೋಡಿದರು. ಈ ತುದಿಯಿಂದ ಆ ತುದಿಯವರೆಗೆ ಒಂದೇ ಬೂದು. ಒಂದು ಚುಕ್ಕೆ ಇಲ್ಲ, ಒಂದು ಗೆರೆ ಇಲ್ಲ. ಇಷ್ಟು ಸಮನಾದ ಬೂದನ್ನು ಬೋರಿನ ನೀರಿನಲ್ಲೂ ನಾನು ಕಂಡಿಲ್ಲ.

ನಾನು ಬಟ್ಟೆಯನ್ನು ಬಿಟ್ಟು ಮೇಸ್ತ್ರಿಯ ಮುಖ ನೋಡಿದೆ. ನೋಡಬಾರದಿತ್ತು. ಅಲ್ಲಿ ಮೊದಲು ಬಂದದ್ದು ಸಂತೋಷವಲ್ಲ, ಆಶ್ಚರ್ಯ. ಕಣ್ಣು ಅರಳಿ, ಬಾಯಿ ತೆರೆದು, ಕಟ್ಟುಕತೆ ಎಂದುಕೊಂಡದ್ದು ಎದುರಿಗೆ ಬಂದು ನಿಂತಾಗ ಮನುಷ್ಯ ನೋಡುವ ಹಾಗೆ ನೋಡುತ್ತಿದ್ದರು. "ನಿಜವಾಗ್ಲೂ ಬಂತಲ್ಲೇ" ಅಂದರು.

ಆಗ ಗೊತ್ತಾಯಿತು. ನನ್ನ ಮುಖ ನೋಡಿ ಹೇಳಲಾಗಲಿಲ್ಲ ಎಂಬುದೆಲ್ಲ ಆಮೇಲಿನ ಮಾತು. ಕಡುಗೆಂಪು ಕೆಟ್ಟ ದಿನ ಅವರಿಗೆ ಎಲ್ಲೋ ಒಂದು ಕಡೆ ಸೋರುತ್ತಿರಬಹುದು ಎಂದು ಹೊಳೆಯಲಿಲ್ಲ. ಇವಳ ಕೆಲಸವೇ ಇಷ್ಟು, ಇದು ಆಗುವಂಥದ್ದಲ್ಲ, ಪಾಪ, ತಿಳಿಯದೆ ಇರಲಿ ಎಂದುಕೊಂಡರು. ಪಕ್ಕದಲ್ಲಿ ಕೂತು ಉಣ್ಣುತ್ತಾ, ಪಾತ್ರೆ ತೊಳೆಯುತ್ತಾ, ಅಷ್ಟು ದಿನವೂ ಅದನ್ನೇ ಅಂದುಕೊಂಡಿದ್ದರು.

ಮ್ಯಾನೇಜರು ನನ್ನ ಕೈ ಕುಲುಕಿದರು. ಸೋಮವಾರವೇ ಕೊಳವೆಗೆ ಕಾಂ‌ಕ್ರೀಟು ಹಾಕಿಸುತ್ತೇನೆ ಅಂದರು. ನನ್ನನ್ನು ಎರಡನೇ ಪಾಳಿಗೆ ಹಾಕಿ ಎಂದು ಕೇಳಿಕೊಂಡೆ. ಮೇಸ್ತ್ರಿ ಮನೆಗೆ ಬರುವ ಹೊತ್ತಿಗೆ ನಾನು ಹೊರಡುವ ಪಾಳಿ ಅದು. ಮ್ಯಾನೇಜರು ಯಾಕೆಂದು ಕೇಳದೆ ಒಪ್ಪಿದರು.

ಸಂಜೆ ಅತ್ತೆ, ಗೆದ್ದು ಬಂದವಳು ಯಾಕೆ ಹೀಗೆ ಕೂತಿದ್ದೀಯ, ಇನ್ನಾದರೂ ಅವನನ್ನು ಕ್ಷಮಿಸಬಾರದೇ, ಬಟ್ಟೆ ಚೆನ್ನಾಗಿ ಬಂತಲ್ಲ ಅಂದರು. ಅತ್ತೆಗೆ ಹೇಗೆ ಹೇಳಲಿ. ಬಟ್ಟೆ ಕೆಟ್ಟಿದ್ದರೆ ಇಬ್ಬರೂ ಕೆಲಸ ಕಳೆದುಕೊಂಡು, ಒಂದೇ ಮೇಜಿನ ಎರಡು ಬದಿ ಕೂತು ಅತ್ತು, ನಾನು ಇಷ್ಟು ಹೊತ್ತಿಗೆ ಕ್ಷಮಿಸಿಬಿಟ್ಟಿರುತ್ತಿದ್ದೆ.